ಕಡು ನೀಲಿ ಬಣ್ಣ: ಯಾವ ಕೋಣೆಗೆ, ಯಾವ ಗೋಡೆಗೆ, ಎಷ್ಟು ಹೊಳಪಿಗೆ?

ಕಡು ನೀಲಿ ಕಣ್ಣಿಗೆ ಹಿಡಿಸುವುದು ಸುಲಭ, ಗೋಡೆಗೆ ಹೊಡೆಸಲು ಧೈರ್ಯ ಬರುವುದು ಕಷ್ಟ. ಶೇಡ್ ಕಾರ್ಡ್ ಕೈಗೆ ಬಂದ ಕೂಡಲೇ ಎಲ್ಲರೂ ಹೆಸರುಗಳ ಹಿಂದೆ ಬೀಳುತ್ತಾರೆ. ನೇವಿ, ಮಿಡ್‌ನೈಟ್, ಇಂಡಿಗೊ, ಇಂಕ್. ಬೆರಳಗಲದ ಕಾಗದದಲ್ಲಿ ಇವೆಲ್ಲ ಹೆಚ್ಚುಕಮ್ಮಿ ಒಂದೇ ಥರ. ಗೋಡೆಗೆ ಬಂದ ಮೇಲೆ ಒಂದು ಕಪ್ಪಾಗಿ ಕೂರುತ್ತದೆ, ಇನ್ನೊಂದು ನೇರಳೆಯ ಕಡೆ ವಾಲುತ್ತದೆ, ಮತ್ತೊಂದರಲ್ಲಿ ಹಸಿರು ಇಣುಕುತ್ತದೆ.

ನನ್ನ ಪ್ರಕಾರ ಆಯ್ಕೆಯ ಕ್ರಮವನ್ನೇ ತಿರುಗಿಸಬೇಕು. ಶೇಡ್ ಆರಿಸುವುದು ಕೊನೆಗೆ. ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟೇ: ಈ ಕೋಣೆಯಲ್ಲಿ ನೀವು ಇರುವುದು ಯಾವ ಹೊತ್ತಿನಲ್ಲಿ? ಆ ಹೊತ್ತಿನಲ್ಲಿ ಗೋಡೆಗೆ ಬೀಳುವ ಬೆಳಕು ಯಾವುದು? ಇದಕ್ಕೆ ಉತ್ತರ ಸಿಕ್ಕರೆ ಉಳಿದದ್ದು ಅರ್ಧ ತೀರ್ಮಾನವಾದ ಹಾಗೆ.

ಹಗಲಿನ ಕೋಣೆ, ರಾತ್ರಿಯ ಕೋಣೆ

ಬಹಳಷ್ಟು ಪೇಂಟ್ ಕಂಪನಿಗಳು ತಮ್ಮ ಶೇಡ್‌ಗಳಿಗೆ ಎಲ್‌ಆರ್‌ವಿ ಅಂತ ಒಂದು ಅಂಕಿ ಕೊಡುತ್ತವೆ. ಗೋಡೆಯ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟು ಪಾಲು ವಾಪಸ್ ಬರುತ್ತದೆ ಎಂಬ ಲೆಕ್ಕ ಅದು. 0 ಅಂದರೆ ಪೂರ್ತಿ ಕಪ್ಪು, 100 ಅಂದರೆ ಪೂರ್ತಿ ಬಿಳಿ. ಶೆರ್ವಿನ್ ವಿಲಿಯಮ್ಸ್ ಕಂಪನಿಯ ‘ನೇವಲ್’ ಹೆಸರುವಾಸಿ ಕಡು ನೀಲಿ. 2020ಕ್ಕೆ ಆ ಕಂಪನಿ ಅದನ್ನೇ ವರ್ಷದ ಬಣ್ಣ ಎಂದು ಆರಿಸಿತ್ತು. ಅದರ ಎಲ್‌ಆರ್‌ವಿ 4. ಅದೇ ಕಂಪನಿಯ ‘ಟ್ರೈಕಾರ್ನ್ ಬ್ಲ್ಯಾಕ್’ ಎಂಬ ಅಪ್ಪಟ ಕಪ್ಪಿನದು 3. ಅಂದರೆ ಬೆಳಕಿನ ಲೆಕ್ಕದಲ್ಲಿ ಈ ನೀಲಿಗೂ ಕಪ್ಪಿಗೂ ಇರುವ ಅಂತರ ಒಂದೇ ಒಂದು ಅಂಕಿ! ಅವರ ‘ಪ್ಯೂರ್ ವೈಟ್’ ಎಂಬ ಬಿಳಿಯದು 84.

ಈ ಅಂಕಿಗಳು ಕೋಣೆಯೊಳಗೆ ಮಾಡುವ ಕೆಲಸ ನೋಡಿ. ಬಲ್ಬಿನಿಂದ ಹೊರಟ ಬೆಳಕು ನೇರವಾಗಿ ನಮ್ಮ ಕಣ್ಣಿಗೆ ಬರುವುದಷ್ಟೇ ಅಲ್ಲ, ಗೋಡೆಗೆ ಬಡಿದು, ಎದುರು ಗೋಡೆಗೆ ಬಡಿದು, ಆಮೇಲೂ ಬರುತ್ತದೆ. 84ರ ಬಿಳಿಗೆ ಎರಡು ಸಲ ಬಡಿದ ಬೆಳಕಿನಲ್ಲಿ ನೂರಕ್ಕೆ 70 ಪಾಲು ಉಳಿದಿರುತ್ತದೆ. 4ರ ನೀಲಿಗೆ ಎರಡು ಸಲ ಬಡಿದರೆ ನೂರಕ್ಕೆ ಕಾಲು ಪಾಲೂ ಉಳಿಯುವುದಿಲ್ಲ. ಹಾಗಾಗಿ ಬಿಳಿ ಕೋಣೆಯಲ್ಲಿ ಸೀಲಿಂಗಿನ ಒಂದೇ ದೀಪ ಇಡೀ ಕೋಣೆಯನ್ನು ನಡೆಸಿಬಿಡುತ್ತದೆ. ಕಡು ನೀಲಿ ಕೋಣೆಯಲ್ಲಿ ಅದೇ ದೀಪ ಕೆಳಗೆ ನೆಲವನ್ನು ಬೆಳಗುತ್ತದೆ, ಮೂಲೆಗಳನ್ನು ಕೈಬಿಡುತ್ತದೆ. ಪೇಂಟ್ ಬದಲಿಸುವಾಗ ದೀಪವನ್ನೂ ಬದಲಿಸಬೇಕು ಅನ್ನುವುದು ಇದಕ್ಕೇ. ಓದುವ ಜಾಗಕ್ಕೆ ಬೇರೆ ದೀಪ, ಮೂಲೆಗೊಂದು ನಿಲ್ಲಿಸುವ ದೀಪ, ಗೋಡೆಯ ಮೇಲೆಯೇ ಬೆಳಕು ಚೆಲ್ಲುವ ಒಂದೆರಡು ದೀಪ. ಇಷ್ಟಕ್ಕೆ ಮನಸ್ಸಿಲ್ಲದಿದ್ದರೆ ನಾಲ್ಕೂ ಗೋಡೆಗೆ ಕಡು ನೀಲಿ ಬೇಡ.

ಈಗ ಹೊತ್ತಿನ ವಿಷಯ. ದೊಡ್ಡ ಕಿಟಕಿ ಇದ್ದು, ಹಗಲಿಡೀ ಧಾರಾಳ ಬೆಳಕು ಬರುವ ಕೋಣೆಯಲ್ಲಿ ಕಡು ನೀಲಿ ನಿಜವಾಗಿ ನೀಲಿಯಾಗಿಯೇ ಕಾಣುತ್ತದೆ. ಅಲ್ಲಿ ಎಲ್‌ಆರ್‌ವಿ 4 ಇದ್ದರೂ ಭಯವಿಲ್ಲ. ರಾತ್ರಿ ಮಾತ್ರ ಬಳಸುವ ಕೋಣೆಗೂ ಭಯವಿಲ್ಲ. ಮಲಗುವ ಕೋಣೆ, ಟಿವಿ ನೋಡುವ ಕೋಣೆ ಇಂಥವು. ಅಲ್ಲಿ ಬೆಳಕು ಕಡಿಮೆ ಇರಬೇಕು ಅಂತಲೇ ನಾವು ಬಯಸುತ್ತೇವೆ. ಟಿವಿಯ ಎದುರಿನ ಗೋಡೆ ಕಡುಬಣ್ಣದ್ದಾದರೆ ಪರದೆಯ ಮೇಲೆ ಅದರ ಪ್ರತಿಬಿಂಬವೂ ಕಡಿಮೆಯಾಗುತ್ತದೆ.

ತೊಂದರೆ ಇರುವುದು ಇವೆರಡರ ನಡುವಿನ ಕೋಣೆಯಲ್ಲಿ. ಹಗಲಿನಲ್ಲಿ ಕೂತು ಕೆಲಸ ಮಾಡಬೇಕು, ಆದರೆ ಕಿಟಕಿಯಿಂದ ಬರುವ ಬೆಳಕು ಅಷ್ಟಕ್ಕಷ್ಟೇ. ಮಂಕು ಬೆಳಕಿನಲ್ಲಿ ಕಡು ನೀಲಿ ಸತ್ತ ಬೂದಿಯಂತೆ ಕಾಣುತ್ತದೆ, ಮಧ್ಯಾಹ್ನವೇ ಲೈಟ್ ಹಾಕಬೇಕಾಗುತ್ತದೆ. ಇಂಥ ಕೋಣೆಗೆ ಎರಡೇ ದಾರಿ. ಒಂದೋ 20ರಿಂದ 30ರ ಆಸುಪಾಸಿನ ಎಲ್‌ಆರ್‌ವಿ ಇರುವ ನಡುನೀಲಿ ಆರಿಸಿ, ಇಲ್ಲವೇ ಕಡು ನೀಲಿಯನ್ನು ಬಾಗಿಲಿಗೋ ಕಪಾಟಿಗೋ ಮೀಸಲಿಡಿ. ‘ಕತ್ತಲ ಕೋಣೆಗೆ ಕಡು ಬಣ್ಣವೇ ಚೆಂದ’ ಎಂಬ ಸಲಹೆಯನ್ನು ಅಲ್ಲಲ್ಲಿ ಓದಿರುತ್ತೀರಿ. ರಾತ್ರಿಯ ಕೋಣೆಗೆ ಅದು ಒಪ್ಪುವ ಮಾತು. ಹಗಲು ಕೆಲಸ ಮಾಡುವ ಕೋಣೆಗೆ ನಾನಂತೂ ಒಪ್ಪುವುದಿಲ್ಲ.

ರಾತ್ರಿಯ ಕೋಣೆಯಲ್ಲೂ ಒಂದು ಸೂಕ್ಷ್ಮ ಇದೆ. ನಾವು ಮಲಗುವ ಕೋಣೆಗೆ ಹಾಕುವುದು ಹಳದಿ ಛಾಯೆಯ ಬಲ್ಬು, ಸಾಮಾನ್ಯವಾಗಿ 2700 ಕೆಲ್ವಿನ್‌ನದು. ಕೆಲ್ವಿನ್ ಅಂದರೆ ಬೆಳಕಿನ ಛಾಯೆಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹಳದಿ ಜಾಸ್ತಿ. ಆ ಬೆಳಕಿನಲ್ಲಿ ನೀಲಿಯ ಪಾಲೇ ಕಡಿಮೆ. ಇಲ್ಲದ ನೀಲಿಯನ್ನು ಗೋಡೆ ಎಲ್ಲಿಂದ ವಾಪಸ್ ಕೊಡಬೇಕು? ಅಂಗಡಿಯ ಬಿಳಿ ಬೆಳಕಿನಲ್ಲಿ ನೋಡಿ ಮೆಚ್ಚಿದ ನೇವಿ, ರಾತ್ರಿ ಮನೆಯಲ್ಲಿ ಕಪ್ಪಾಗುವುದು ಇದರಿಂದಲೇ. 4000 ಕೆಲ್ವಿನ್‌ನ ಬಲ್ಬು ಹಾಕಿದರೆ ನೀಲಿ ಮತ್ತೆ ಎದ್ದು ಕಾಣುತ್ತದೆ, ಆದರೆ ಮಲಗುವ ಕೋಣೆ ಆಫೀಸಿನ ಹಾಗಾಗುತ್ತದೆ. ನನ್ನ ಆಯ್ಕೆ ನಡುವಿನದು: 3000 ಕೆಲ್ವಿನ್, ಜೊತೆಗೆ ಬಣ್ಣಗಳನ್ನು ಸರಿಯಾಗಿ ತೋರಿಸುವ ಬಲ್ಬು. ಪೆಟ್ಟಿಗೆಯ ಮೇಲೆ ಸಿಆರ್‌ಐ 90 ಅಥವಾ ಅದಕ್ಕಿಂತ ಜಾಸ್ತಿ ಅಂತ ಬರೆದಿರುತ್ತದೆ. ಹಳದಿ ಬೆಳಕೇ ಬೇಕು ಅನ್ನುವವರು, ಮನಸ್ಸಿನಲ್ಲಿರುವ ನೀಲಿಗಿಂತ ಒಂದು ಮೆಟ್ಟಿಲು ತಿಳಿಯಾದ, ಬೂದು ಕಡಿಮೆ ಇರುವ ನೀಲಿ ಆರಿಸಿ. ರಾತ್ರಿ ಅದೇ ನಿಮ್ಮ ಮನಸ್ಸಿನ ನೇವಿಯಾಗುತ್ತದೆ.

ಮುಸ್ಸಂಜೆಯಲ್ಲಿ ಮಾತ್ರ ಈ ಬಣ್ಣದ ಆಟವೇ ಬೇರೆ. ದೀಪ ಹಾಕುವ ಮೊದಲು, ಬೆಳಕು ಇಳಿಯುತ್ತಿರುವಾಗ, ಕೆಂಪು ಮತ್ತು ಕಂದು ವಸ್ತುಗಳು ಬೇಗ ಕಪ್ಪಾಗುತ್ತವೆ. ನೀಲಿ ಹೋಲಿಕೆಯಲ್ಲಿ ಹೊಳೆಯುತ್ತದೆ. 19ನೇ ಶತಮಾನದಲ್ಲಿ ಇದನ್ನು ಗಮನಿಸಿ ವಿವರಿಸಿದವರು ಚೆಕ್ ವಿಜ್ಞಾನಿ ಯಾನ್ ಪುರ್ಕಿನ್ಯೆ. ಬೆಳಕು ಕಡಿಮೆಯಾದಂತೆ ಕಣ್ಣಿನೊಳಗಿನ ಬೇರೆ ಜಾತಿಯ ಕೋಶಗಳು ಕೆಲಸಕ್ಕೆ ಬರುತ್ತವೆ. ಅವುಗಳಿಗೆ ಕೆಂಪಿಗಿಂತ ನೀಲಿ-ಹಸಿರಿನ ಕಡೆಯ ಬೆಳಕೇ ಚೆನ್ನಾಗಿ ಕಾಣುವುದು. ಸಂಜೆ ಹೊತ್ತು ಕೂರುವ ಕೋಣೆಗೆ ಕಡು ಕೆಂಪೋ ಕಡು ನೀಲಿಯೋ ಎಂಬ ಪ್ರಶ್ನೆ ಬಂದರೆ ನಾನು ನೀಲಿ ಅನ್ನುವುದು ಇದಕ್ಕೇ.

ಹಸಿರು ಬೆರೆತ ನೀಲಿ, ನೇರಳೆ ಬೆರೆತ ನೀಲಿ, ಬೂದು ಬೆರೆತ ನೀಲಿ

ಕಡು ನೀಲಿಗಳಲ್ಲಿ ಹೆಸರು ನೂರಾರು ಇದ್ದರೂ ಜಾತಿ ಮೂರೇ ಅಂದುಕೊಳ್ಳಬಹುದು. ಇದಕ್ಕೆ ಕಾರಣ ಡಬ್ಬಿಯೊಳಗೆ ಇದೆ. ಇವತ್ತು ಅಂಗಡಿಯ ಟಿಂಟಿಂಗ್ ಯಂತ್ರ ಹಾಕುವ ನೀಲಿ ಬಹುತೇಕ ಥ್ಯಾಲೋ ನೀಲಿ. 1930ರ ದಶಕದಲ್ಲಿ ಮಾರುಕಟ್ಟೆಗೆ ಬಂದ, ತುಂಬಾ ಖಾರವಾದ ಬಣ್ಣ ಅದು. ಅದೊಂದನ್ನೇ ಹಾಕಿದರೆ ಗೋಡೆ ಕಣ್ಣು ಕುಕ್ಕುತ್ತದೆ. ಹಾಗಾಗಿ ಕಪ್ಪು, ನೇರಳೆ, ಕೆಂಪುಮಣ್ಣು, ಹಸಿರು ಇತ್ಯಾದಿ ಬೆರೆಸಿ ಪಳಗಿಸುತ್ತಾರೆ. ಏನು ಬೆರೆಸಿದ್ದಾರೆ ಅನ್ನುವುದರ ಮೇಲೆ ಜಾತಿ ನಿಲ್ಲುತ್ತದೆ.

ಹಸಿರಿನ ಕಡೆ ವಾಲುವ ಕಡು ನೀಲಿಗೆ ಫಾರೋ ಆ್ಯಂಡ್ ಬಾಲ್ ಕಂಪನಿಯ ‘ಹೇಗ್ ಬ್ಲೂ’ ಒಳ್ಳೆಯ ಉದಾಹರಣೆ. ಹಳೆಯ ಪ್ರಷ್ಯನ್ ನೀಲಿಯ ಗುಣವೂ ಇದೇ. ಪ್ರಷ್ಯನ್ ನೀಲಿ 18ನೇ ಶತಮಾನದ ಶುರುವಿನಲ್ಲಿ ಬರ್ಲಿನ್‌ನಲ್ಲಿ, ಬೇರೆ ಬಣ್ಣ ಮಾಡಲು ಹೋದಾಗ ಆಕಸ್ಮಿಕವಾಗಿ ಸಿಕ್ಕಿದ್ದು. ಈ ಜಾತಿ ಮರದ ಪೀಠೋಪಕರಣಕ್ಕೆ, ಹಿತ್ತಾಳೆಗೆ, ಗಿಡಗಳಿಗೆ ಬಹಳ ಚೆನ್ನಾಗಿ ಹೊಂದುತ್ತದೆ. ಹಳದಿ ದೀಪದಲ್ಲೂ ಕೆಡುವುದಿಲ್ಲ, ಸ್ವಲ್ಪ ನವಿಲಿನ ಕಡೆ ತಿರುಗುತ್ತದೆ ಅಷ್ಟೇ. ಯಾವುದು ಆರಿಸಬೇಕು ಅಂತ ಪೂರ್ತಿ ಗೊಂದಲದಲ್ಲಿದ್ದರೆ ಇಲ್ಲಿಂದ ಶುರು ಮಾಡಿ.

ನೇರಳೆಯ ಕಡೆ ವಾಲುವುದು ಅಲ್ಟ್ರಾಮರೀನ್‌ನ ಕುಲದ್ದು. ಒಂದು ಕಾಲದಲ್ಲಿ ಅಫ್ಘಾನಿಸ್ತಾನದ ಬದಖ್ಶಾನ್ ಗಣಿಗಳ ಲಾಜವರ್ದ ಕಲ್ಲನ್ನು ಅರೆದು ಈ ನೀಲಿ ಮಾಡುತ್ತಿದ್ದರು. 1820ರ ದಶಕದಲ್ಲಿ ಫ್ರಾನ್ಸ್‌ನಲ್ಲಿ ಇದನ್ನು ಕೃತಕವಾಗಿ ತಯಾರಿಸುವ ದಾರಿ ಸಿಕ್ಕ ಮೇಲೆ ಎಲ್ಲರ ಕೈಗೂ ಎಟುಕಿತು. ಹಗಲು ಬೆಳಕಿನಲ್ಲಿ ಇದರಷ್ಟು ಗೆಲುವಾದ ನೀಲಿ ಇನ್ನೊಂದಿಲ್ಲ. ಹಳದಿ ಬಲ್ಬಿನ ಕೆಳಗೆ ಮಾತ್ರ ಇದರೊಳಗಿನ ಕೆಂಪು ಮುಂದೆ ಬಂದು ಬದನೆಕಾಯಿಯ ಬಣ್ಣಕ್ಕೆ ಹತ್ತಿರವಾಗುತ್ತದೆ. ಬಿಸಿಲು ಬರುವ ಕೋಣೆಗೆ ಸರಿ. ರಾತ್ರಿಯ ಕೋಣೆಗೆ ಹಾಕುವ ಮೊದಲು ಎರಡು ಸಲ ಯೋಚಿಸಿ. ಕೆಂಪು ಛಾಯೆಯ ಮರದ ಪಕ್ಕದಲ್ಲಂತೂ ಇದು ಜಗಳಕ್ಕೇ ನಿಲ್ಲುತ್ತದೆ.

ಮೂರನೆಯದು ಬೂದು ಅಥವಾ ಕಪ್ಪು ಜಾಸ್ತಿ ಬೆರೆತ ನೀಲಿ. ಸ್ಲೇಟ್, ಇಂಕ್ ಅಂತೆಲ್ಲ ಹೆಸರಿಡುತ್ತಾರೆ. ಸುರಕ್ಷಿತ ಅಂತ ಜನ ಮೊದಲು ಕೈ ಹಾಕುವುದು ಇದಕ್ಕೇ. ಬೆಳಕು ಚೆನ್ನಾಗಿದ್ದರೆ ಗಂಭೀರವಾಗಿ ಚೆಂದ ಕಾಣುತ್ತದೆ. ಬೆಳಕಿಲ್ಲದ ಕಡೆ ಇದಕ್ಕೆ ನೀಲಿಯ ಗುರುತೇ ಉಳಿಯುವುದಿಲ್ಲ. ಆಮೇಲೆ ‘ನೀಲಿ ಹೊಡೆಸಿದ್ದೆ, ಯಾರೂ ನೀಲಿ ಅನ್ನಲಿಲ್ಲ’ ಎಂದು ಕೊರಗುವುದಕ್ಕಿಂತ, ಕಾರ್ಡ್‌ನಲ್ಲಿ ಸ್ವಲ್ಪ ಜಾಸ್ತಿ ನೀಲಿ ಅನ್ನಿಸುವುದನ್ನೇ ತೆಗೆದುಕೊಳ್ಳುವುದು ಮೇಲು, ಅಲ್ವಾ?

ಕಾರ್ಡ್‌ನಲ್ಲಿ ಜಾತಿ ಕಂಡುಹಿಡಿಯಲು ಸುಲಭದ ಉಪಾಯ ಇದೆ. ಒಂದೇ ಶೇಡನ್ನು ಎಷ್ಟು ಹೊತ್ತು ನೋಡಿದರೂ ಅದು ಸುಮ್ನೆ ನೀಲಿ. ನಾಲ್ಕೈದು ಕಡು ನೀಲಿಗಳನ್ನು ಬಿಳಿ ಹಾಳೆಯ ಮೇಲೆ ಒಟ್ಟಿಗೆ ಇಡಿ. ಯಾವುದರಲ್ಲಿ ಹಸಿರಿದೆ, ಯಾವುದರಲ್ಲಿ ನೇರಳೆ ಇದೆ ಎನ್ನುವುದು ತಕ್ಷಣ ಗೊತ್ತಾಗುತ್ತದೆ. ಅದೇ ಪಟ್ಟಿಯ ಮೇಲಿನ ತಿಳಿ ಶೇಡ್‌ಗಳನ್ನೂ ನೋಡಿ. ಕಡುಬಣ್ಣದಲ್ಲಿ ಅಡಗಿದ ಛಾಯೆ ತಿಳಿಬಣ್ಣದಲ್ಲಿ ಬಯಲಾಗುತ್ತದೆ. ಇನ್ನೊಂದು ಮಾತು, ‘ಕಡು ನೀಲಿ’ ಎಂದು ಪತ್ರಿಕೆಗಳು ತೋರಿಸುವುದೆಲ್ಲ ಒಂದೇ ಗಾಢತೆಯದಲ್ಲ. ನೇವಲ್‌ಗೆ ವರ್ಷದ ಬಣ್ಣದ ಪಟ್ಟ ಸಿಕ್ಕ 2020ರಲ್ಲೇ ಪ್ಯಾಂಟೋನ್ ಸಂಸ್ಥೆ ತನ್ನ ವರ್ಷದ ಬಣ್ಣವಾಗಿ ‘ಕ್ಲಾಸಿಕ್ ಬ್ಲೂ’ ಆರಿಸಿತು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಕ್ಲಾಸಿಕ್ ಬ್ಲೂ ಎಷ್ಟೋ ತಿಳಿ, ಎಷ್ಟೋ ಉಜ್ವಲ.

ಒಂದು ಗೋಡೆಯೋ, ಇಡೀ ಕೋಣೆಯೋ

ಒಂದೇ ಗೋಡೆಗೆ ಹೊಡೆಸುವುದು ಕಡಿಮೆ ಅಪಾಯದ ದಾರಿ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದರಲ್ಲಿ ಪೂರ್ತಿ ನಂಬಿಕೆ ಇಲ್ಲ. ಉಳಿದ ಮೂರು ಗೋಡೆ ಬೆಳ್ಳಗಿದ್ದಾಗ ಆ ಒಂದು ಗೋಡೆ ತೂತು ಕೊರೆದ ಹಾಗೆ ಕಾಣುವ ಸಂಭವ ಜಾಸ್ತಿ. ಸುತ್ತಲಿನ ಬಿಳಿ ಎಷ್ಟು ಉಜ್ವಲವೋ ನೀಲಿ ಅಷ್ಟು ಕಪ್ಪು. ಒಂದೇ ಗೋಡೆ ಅಂತ ತೀರ್ಮಾನಿಸಿದ್ದರೆ ಉಳಿದವನ್ನು ಹಾಲುಬಿಳಿ ಮಾಡಬೇಡಿ. ಕೆನೆಬಣ್ಣ, ತಿಳಿ ಬೂದು, ಮಣ್ಣುಬಣ್ಣ, ಇಂಥ ಮೆತ್ತಗಿನದ್ದು ಇರಲಿ.

ಯಾವ ಗೋಡೆ ಅನ್ನುವುದು ಇನ್ನೂ ಮುಖ್ಯ. ಕಿಟಕಿ ಇರುವ ಗೋಡೆಗೆ ಮಾತ್ರ ಕಡು ನೀಲಿ ಹೊಡೆಸಬೇಡಿ. ಕಿಟಕಿಯ ಉರಿಬೆಳಕು, ಅದರ ಸುತ್ತ ಗಾಢ ಬಣ್ಣ. ಕಣ್ಣು ಎರಡರ ನಡುವೆ ಒದ್ದಾಡುತ್ತದೆ, ಬಣ್ಣವೂ ಸರಿಯಾಗಿ ಕಾಣುವುದಿಲ್ಲ. ಕಿಟಕಿಯ ಎದುರಿನ ಗೋಡೆ ಅತ್ಯುತ್ತಮ, ಬೆಳಕು ನೇರವಾಗಿ ಬಿದ್ದು ನೀಲಿ ತನ್ನ ನಿಜರೂಪ ತೋರಿಸುತ್ತದೆ. ಪಕ್ಕದ ಗೋಡೆಯೂ ಆಗಬಹುದು, ಆದರೆ ಅಲ್ಲಿ ಬೆಳಕು ಓರೆಯಾಗಿ ಸವರಿಕೊಂಡು ಹೋಗುತ್ತದೆ. ಪುಟ್ಟಿಯ ಪ್ರತಿ ಉಬ್ಬು, ಪ್ರತಿ ಗೀರು ಎದ್ದು ಕಾಣುತ್ತದೆ. ಗೋಡೆ ಕನ್ನಡಿಯಷ್ಟು ಸಮ ಇದ್ದರೆ ಮಾತ್ರ ಆ ಧೈರ್ಯ ಮಾಡಿ. ಮಂಚದ ತಲೆಯ ಕಡೆಯ ಗೋಡೆ ಜನಪ್ರಿಯ ಆಯ್ಕೆ. ಅದಕ್ಕೆ ಇನ್ನೊಂದು ಅನುಕೂಲವೂ ಇದೆ: ಮಲಗಿದಾಗ ಅದು ನಿಮ್ಮ ಕಣ್ಣಿಗೇ ಬೀಳುವುದಿಲ್ಲ, ಬಣ್ಣದಿಂದ ಬೇಗ ಬೇಸರ ಬರುವವರಿಗೆ ಒಳ್ಳೆಯದು.

ನಾಲ್ಕೂ ಗೋಡೆಗೆ ಹೊಡೆಸಿದರೆ ಕೋಣೆ ಚಿಕ್ಕದಾಗುತ್ತದೆ ಅನ್ನುವ ಹೆದರಿಕೆ ಸ್ವಲ್ಪ ಅತಿಯಾದದ್ದು. ಕೋಣೆಯ ಅಳತೆ ನಮಗೆ ತಿಳಿಯುವುದು ಮೂಲೆಗಳಲ್ಲಿ ಬೀಳುವ ನೆರಳಿನಿಂದ. ಬಿಳಿ ಗೋಡೆಯಲ್ಲಿ ಆ ನೆರಳು ಸ್ಪಷ್ಟ. ಕಡು ನೀಲಿಯಲ್ಲಿ ಮೂಲೆ ಎಲ್ಲಿ ಮುಗಿಯಿತು ಎನ್ನುವುದೇ ಮಸುಕು. ರಾತ್ರಿ ಹೊತ್ತು ಚಿಕ್ಕ ಕೋಣೆಯೊಂದು ಇದರಿಂದ ಆಳವಾಗಿ ಕಾಣುವುದೂ ಉಂಟು. ಹಗಲಲ್ಲಿ ಈ ಮಾತು ಅಷ್ಟು ನಡೆಯುವುದಿಲ್ಲ.

ಇಡೀ ಕೋಣೆಗೆ ಹೋಗುವವರಿಗೆ ಮುಂದಿನ ಪ್ರಶ್ನೆ ಸೀಲಿಂಗ್. ಎತ್ತರ ಧಾರಾಳ ಇದ್ದರೆ ಬಿಳಿ ಸೀಲಿಂಗ್ ಇರಲಿ, ಬೆಳಕಿಗೂ ಸಹಾಯ. ಎತ್ತರ ಕಡಿಮೆ ಇದ್ದರೆ ಕಡು ನೀಲಿ ಗೋಡೆ ಮತ್ತು ಬಿಳಿ ಸೀಲಿಂಗ್ ಸೇರುವಲ್ಲಿ ಬೀಳುವ ಗಟ್ಟಿ ಗೆರೆ ಕಣ್ಣನ್ನು ಅಲ್ಲೇ ನಿಲ್ಲಿಸುತ್ತದೆ. ಆಗ ಗೋಡೆ, ಸೀಲಿಂಗ್, ಬಾಗಿಲು, ಚೌಕಟ್ಟು ಎಲ್ಲಕ್ಕೂ ಒಂದೇ ನೀಲಿ ಹೊಡೆಸುವ ದಾರಿ ಇದೆ. ಅತಿರೇಕ ಅನ್ನಿಸಬಹುದು. ಆದರೆ ರಾತ್ರಿಯ ಕೋಣೆಯಲ್ಲಿ ಅರ್ಧ ಮನಸ್ಸಿನ ಕೆಲಸಕ್ಕಿಂತ ಇದು ಸಾವಿರ ಪಾಲು ಮೇಲು. ಹಗಲಿನ ಕೋಣೆಯಲ್ಲಿ ಮಾತ್ರ ಬೇಡವೇ ಬೇಡ.

ಗೋಡೆಯ ಕೆಳಭಾಗಕ್ಕೆ ಮಾತ್ರ ನೀಲಿ ಹೊಡೆಸಿ ಮೇಲೆ ತಿಳಿಬಣ್ಣ ಬಿಡುವ ದಾರಿಯನ್ನು ಜನ ಮರೆತೇಬಿಟ್ಟಿದ್ದಾರೆ. ನನಗೆ ಇದು ತುಂಬಾ ಇಷ್ಟ. ಬೆಳಕು ಉಳಿಯುತ್ತದೆ, ಬಣ್ಣದ ಆಸೆಯೂ ತೀರುತ್ತದೆ. ಸರಿ ಅರ್ಧಕ್ಕೆ ಕತ್ತರಿಸಬೇಡಿ. ಮೂರನೇ ಒಂದು ಭಾಗಕ್ಕೋ ಮೂರನೇ ಎರಡು ಭಾಗಕ್ಕೋ ಗೆರೆ ಎಳೆದರೆ ಚೆನ್ನಾಗಿರುತ್ತದೆ.

ಮ್ಯಾಟ್, ಸ್ಯಾಟಿನ್, ಗ್ಲಾಸಿ

ತಿಳಿಬಣ್ಣದಲ್ಲಿ ಹೊಳಪಿನ ಆಯ್ಕೆ ಹೇಗೋ ನಡೆದುಹೋಗುತ್ತದೆ. ಕಡು ನೀಲಿಯಲ್ಲಿ ಒಂದೇ ಶೇಡ್ ಹೊಳಪು ಬದಲಾದರೆ ಬೇರೆ ಬಣ್ಣವೇ ಆಗುತ್ತದೆ.

ಮ್ಯಾಟ್‌ನಲ್ಲಿ, ಅಂದರೆ ಹೊಳಪಿಲ್ಲದ ಪೇಂಟ್‌ನಲ್ಲಿ, ನೀಲಿ ಮಖಮಲ್ಲಿನಂತೆ ಕಾಣುತ್ತದೆ. ಗೋಡೆಯ ಉಬ್ಬುತಗ್ಗು ಮುಚ್ಚಿಹೋಗುತ್ತದೆ. ಇದರ ದೌರ್ಬಲ್ಯ ಸವರಿಕೆ. ಭುಜ ತಾಗಿದ ಕಡೆ, ಕುರ್ಚಿ ಉಜ್ಜಿದ ಕಡೆ, ಒದ್ದೆ ಬಟ್ಟೆಯಿಂದ ಒರೆಸಿದ ಕಡೆ ಹೊಳೆಯುವ ಕಲೆ ಉಳಿಯುತ್ತದೆ. ಉಗುರಿನ ಗೀರು ಬೆಳ್ಳಗೆ ಕಾಣುತ್ತದೆ. ಮಕ್ಕಳು ಓಡಾಡುವ ಮನೆಯ ನಡುಮನೆಗೆ, ಓಣಿಯಂಥ ಜಾಗಕ್ಕೆ ಸಾದಾ ಮ್ಯಾಟ್ ಬೇಡ. ತೊಳೆಯಬಹುದಾದ ಮ್ಯಾಟ್ ಅಂತ ಈಗ ಬರುತ್ತದೆ, ಅದನ್ನು ಕೇಳಿ.

ಸ್ಯಾಟಿನ್ ಅಥವಾ ಎಗ್‌ಶೆಲ್ ಬಹುಪಾಲು ಮನೆಗೆ ಸರಿಹೋಗುತ್ತದೆ. ಸ್ವಲ್ಪ ಹೊಳಪಿರುವುದರಿಂದ ದೀಪದ ಬೆಳಕು ಅಲ್ಲಲ್ಲಿ ಮಿಂಚಿ, ಗೋಡೆ ಪೂರ್ತಿ ಕಪ್ಪಾಗದಂತೆ ನೋಡಿಕೊಳ್ಳುತ್ತದೆ. ಒರೆಸಬಹುದು. ಕೆಲಸ ಮಾತ್ರ ಚೊಕ್ಕಟವಾಗಿರಬೇಕು, ರೋಲರ್ ಗುರುತು ಮ್ಯಾಟ್‌ಗಿಂತ ಜಾಸ್ತಿ ಕಾಣುತ್ತದೆ.

ತುಂಬಾ ಹೊಳೆಯುವ ಗ್ಲಾಸಿ ಪೇಂಟ್ ಇರುವುದು ಬಾಗಿಲು, ಚೌಕಟ್ಟು, ಪೀಠೋಪಕರಣಕ್ಕೆ. ಗೋಡೆಗೆ ಗ್ಲಾಸಿ ಕಡು ನೀಲಿ ಹೊಡೆಸುವುದು ಪತ್ರಿಕೆಯ ಫೋಟೊಗಳಲ್ಲಿ ಅದ್ಭುತ. ಅದಕ್ಕೆ ಬೇಕಾದ ಗೋಡೆ ತಯಾರಿ ನೋಡಿದರೆ ಬಹಳ ಜನ ಅರ್ಧಕ್ಕೇ ಕೈಬಿಡುತ್ತಾರೆ.

ಕೆಲಸದಲ್ಲಿ ಎಡವುವ ಕಡೆಗಳು

ಕಡು ಶೇಡ್‌ಗಳನ್ನು ಮಾಡುವುದು ‘ಡೀಪ್ ಬೇಸ್’ ಎಂಬ ಡಬ್ಬಿಯಿಂದ. ಬಿಳಿ ಪೇಂಟಿಗೆ ಮುಚ್ಚುವ ಶಕ್ತಿ ಕೊಡುವುದು ಟೈಟಾನಿಯಂ ಡೈಆಕ್ಸೈಡ್. ಡೀಪ್ ಬೇಸ್‌ನಲ್ಲಿ ಅದು ಇರುವುದು ಬಹಳ ಕಡಿಮೆ, ಕೆಲವದರಲ್ಲಿ ಇಲ್ಲವೇ ಇಲ್ಲ. ಅದರ ಜಾಗಕ್ಕೆ ಟಿಂಟ್, ಅಂದರೆ ಬಣ್ಣ ಕೊಡುವ ಅಂಶ, ಜಾಸ್ತಿ ಸೇರುತ್ತದೆ. ಕಪ್ಪು ಬೆರೆತ ನೇವಿ ಇದ್ದುದರಲ್ಲಿ ಚೆನ್ನಾಗಿ ಮುಚ್ಚುತ್ತದೆ. ಉಜ್ವಲವಾದ ಕೋಬಾಲ್ಟ್ ಥರದ ನೀಲಿ ಬಿಳಿ ಗೋಡೆಯ ಮೇಲೆ ಎರಡು ಕೋಟ್‌ಗೂ ತೇಪೆತೇಪೆಯಾಗಿ ನಿಲ್ಲಬಹುದು. ಪರಿಹಾರ ಸರಳ: ಬಿಳಿ ಪ್ರೈಮರ್ ಬದಲು ಬೂದು ಛಾಯೆ ಬೆರೆಸಿದ ಪ್ರೈಮರ್. ಒಂದು ಕೋಟ್‌ನಷ್ಟು ಪೇಂಟ್ ಉಳಿಯುತ್ತದೆ, ಮೂಲೆಗಳಲ್ಲಿ ಬಿಳಿ ಇಣುಕುವುದೂ ತಪ್ಪುತ್ತದೆ.

ಪೇಂಟರ್‌ಗೆ ಮೊದಲೇ ಹೇಳಿಡಬೇಕಾದ ಮಾತು ಒಂದಿದೆ. ಕಡು ನೀಲಿ ಗೋಡೆಯನ್ನು ಶುರು ಮಾಡಿದರೆ ಒಂದೇ ಉಸಿರಿಗೆ ಮುಗಿಸಬೇಕು. ಅರ್ಧಕ್ಕೆ ನಿಲ್ಲಿಸಿ, ಅಂಚು ಒಣಗಿದ ಮೇಲೆ ಮುಂದುವರಿಸಿದರೆ ಕೂಡಿದ ಜಾಗದಲ್ಲಿ ಗೆರೆ ಬೀಳುತ್ತದೆ. ಬ್ರಷ್‌ನಲ್ಲಿ ಮೂಲೆಗಳನ್ನೆಲ್ಲ ಮೊದಲು ಮುಗಿಸಿ ಮಾರನೆಯ ದಿನ ರೋಲರ್ ಹಿಡಿಯುವ ಅಭ್ಯಾಸವೂ ಇಲ್ಲಿ ನಡೆಯುವುದಿಲ್ಲ. ಸುತ್ತ ಚೌಕಟ್ಟು ಹಾಕಿದ ಹಾಗೆ ಕಾಣುತ್ತದೆ. ಒಂದಕ್ಕಿಂತ ಹೆಚ್ಚು ಡಬ್ಬಿ ಬೇಕಾದರೆ ಎಲ್ಲವನ್ನೂ ದೊಡ್ಡ ಬಕೆಟ್‌ನಲ್ಲಿ ಬೆರೆಸಿಕೊಂಡೇ ಶುರು ಮಾಡಿ. ಟಿಂಟ್‌ನಲ್ಲಿ ಒಂದು ಹನಿಯ ವ್ಯತ್ಯಾಸವೂ ಎರಡು ಗೋಡೆಯ ನಡುವೆ ಗೊತ್ತಾಗುತ್ತದೆ.

ಒಣಗುವುದಕ್ಕೂ ಗಟ್ಟಿಯಾಗುವುದಕ್ಕೂ ವ್ಯತ್ಯಾಸ ಇದೆ. ಮುಟ್ಟಿದರೆ ಅಂಟದಿರುವುದು ಕೆಲವು ಗಂಟೆಯಲ್ಲಿ ಆಗುತ್ತದೆ. ಗಟ್ಟಿಯಾಗಲು ವಾರಗಳೇ ಬೇಕು, ಟಿಂಟ್ ಜಾಸ್ತಿ ಇರುವ ಕಡುಬಣ್ಣಕ್ಕೆ ಇನ್ನೂ ನಿಧಾನ. ಅಷ್ಟರಲ್ಲಿ ಗೋಡೆಗೆ ತೇವ ತಾಗಿದರೆ, ಅಥವಾ ಬಚ್ಚಲಿನ ಹಬೆ ಬಡಿದರೆ, ಪೇಂಟಿನೊಳಗಿನ ಸಾಬೂನಿನಂಥ ಅಂಶ ಹೊರಬಂದು ಅಂಟು ಗೆರೆಗಳಾಗಿ ಇಳಿಯುತ್ತದೆ. ಬಿಳಿಯಲ್ಲಿ ಅದು ಅಷ್ಟಾಗಿ ಕಾಣದು, ನೀಲಿಯಲ್ಲಿ ಢಾಳಾಗಿ ಕಾಣುತ್ತದೆ. ಹೆದರಬೇಡಿ, ನೀರಿನಿಂದ ಮೆಲ್ಲಗೆ ಒರೆಸಿದರೆ ಸಾಮಾನ್ಯವಾಗಿ ಹೋಗುತ್ತದೆ.

ತೇವ ಹಿಡಿಯುವ ಗೋಡೆಗೆ ಮಾತ್ರ ಕಡು ನೀಲಿಯ ಆಸೆ ಬಿಟ್ಟುಬಿಡಿ. ಗೋಡೆಯೊಳಗಿನ ಉಪ್ಪು ಹೊರಗೆ ಬಂದು ಬಿಳಿ ಪುಡಿಯಾಗಿ ಕೂತರೆ ಬೇರೆ ಯಾವ ಬಣ್ಣದಲ್ಲೂ ಇಷ್ಟು ಕೆಟ್ಟದಾಗಿ ಕಾಣುವುದಿಲ್ಲ. ಮೊದಲು ಸೋರಿಕೆ ನಿಲ್ಲಿಸಿ, ಗೋಡೆ ಒಣಗಲು ಬಿಡಿ. ಹೊಸ ಸಿಮೆಂಟ್ ಗಿಲಾವಿಗೂ ಕನಿಷ್ಠ 28 ದಿನ ಕಾಯಿರಿ. ಹಸಿ ಗಿಲಾವಿನ ಕ್ಷಾರ ಪೇಂಟನ್ನು ಕೆಡಿಸುತ್ತದೆ. ಹಳೆಯ ಪ್ರಷ್ಯನ್ ನೀಲಿಯನ್ನು ಸುಣ್ಣದ ಗೋಡೆಗೆ ಬಳಸಲು ಆಗದೆ ಹೋದದ್ದೂ ಇದೇ ಕಾರಣಕ್ಕೆ, ಕ್ಷಾರ ತಾಗಿದರೆ ಅದು ಕಂದಾಗುತ್ತದೆ. ಇವತ್ತಿನ ಥ್ಯಾಲೋ ನೀಲಿಗೆ ಆ ಕಾಯಿಲೆ ಇಲ್ಲ.

ಸುಣ್ಣದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಪೇಂಟ್ ಬದಲು ಸುಣ್ಣದ ಬಣ್ಣ, ಅಂದರೆ ಲೈಮ್‌ವಾಶ್ ಬಯಸುವವರು ಈಗ ಜಾಸ್ತಿಯಾಗಿದ್ದಾರೆ. ಅದರ ಮೋಡದಂಥ ಮೇಲ್ಮೈ ಬಹಳ ಚೆಂದ. ಆದರೆ ಅದರಲ್ಲಿ ನಿಜವಾದ ನೇವಿ ಸಿಗುವುದು ಕಷ್ಟ. ಸುಣ್ಣ ತಾನೇ ಬಿಳಿ, ಬಣ್ಣದ ಪುಡಿಯನ್ನು ಒಂದು ಮಿತಿಗಿಂತ ಜಾಸ್ತಿ ಹಿಡಿದಿಟ್ಟುಕೊಳ್ಳುವುದಿಲ್ಲ. ಒಣಗಿದಾಗ ಹಸಿ ಇದ್ದುದಕ್ಕಿಂತ ಎಷ್ಟೋ ತಿಳಿಯಾಗುತ್ತದೆ. ಮಾಸಿದ ಡೆನಿಮ್‌ನಂಥ ನೀಲಿ ಬೇಕಿದ್ದರೆ ಲೈಮ್‌ವಾಶ್, ಕಡು ನೀಲಿಯೇ ಬೇಕಿದ್ದರೆ ಎಮಲ್ಷನ್.

ಗೋಡೆ ಬೇಡ ಅನ್ನುವವರಿಗೆ

ಬಾಗಿಲಿಗೆ ಕಡು ನೀಲಿ ಹೊಡೆಸುವುದು ಸೋಲದ ಆಯ್ಕೆ. ಜಾಗ ಕಡಿಮೆ, ಪರಿಣಾಮ ಜಾಸ್ತಿ, ಬೇಸರವಾದರೆ ಒಂದು ದಿನದಲ್ಲಿ ಬದಲಿಸಬಹುದು. ಪುಸ್ತಕದ ಕಪಾಟಿನ ಹಿಂಬದಿ ಹಲಗೆಗೆ ಹೊಡೆಸಿದರೆ ಪುಸ್ತಕಗಳ ಬೆನ್ನು ಎದ್ದು ಕಾಣುತ್ತದೆ. ಅಡುಗೆಮನೆಯ ಕಪಾಟುಗಳಲ್ಲಿ ಕೆಳಗಿನ ಸಾಲಿಗೆ ನೀಲಿ, ಮೇಲಿನ ಸಾಲಿಗೆ ತಿಳಿಬಣ್ಣ ಇಟ್ಟರೆ ಭಾರ ಕೆಳಗೆ ನಿಲ್ಲುತ್ತದೆ. ಅಲ್ಲಿಗೆ ಗೋಡೆಯ ಎಮಲ್ಷನ್ ಸಾಲದು. ಮರಕ್ಕೆಂದೇ ಬರುವ ಇನಾಮಲ್ ಬೇಕು. ಬೆರಳಚ್ಚು, ಎಣ್ಣೆಯ ಜಿಡ್ಡು, ನೀರಿನ ಕಲೆ ಕಡು ನೀಲಿಯಲ್ಲಿ ಬಿಳಿಗಿಂತ ಜಾಸ್ತಿ ಕಾಣುತ್ತವೆ ಅನ್ನುವುದೂ ತಲೆಯಲ್ಲಿರಲಿ. ಕಡುಬಣ್ಣ ಕೊಳೆ ಮುಚ್ಚುತ್ತದೆ ಅನ್ನುವುದು ಬರೀ ನಂಬಿಕೆ. ಧೂಳು ತಿಳಿಬಣ್ಣದ್ದು, ಕಡುಬಣ್ಣದ ಮೇಲೆಯೇ ಅದು ಕಾಣುವುದು.

ಕಪ್ಪು, ಕಡು ಹಸಿರು, ಗ್ರಾಫೈಟ್ ಬೂದು

ಇವುಗಳ ಜೊತೆ ತೂಗಿ ನೋಡುವವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಮರ ಜಾಸ್ತಿ ಇರುವ ಮನೆಗೆ ಕಡು ನೀಲಿ ಮೂರಕ್ಕಿಂತಲೂ ಮೇಲು. ಮರದ ಕಿತ್ತಳೆ ಛಾಯೆಯೂ ನೀಲಿಯೂ ಒಂದಕ್ಕೊಂದು ಎದುರು ಬಣ್ಣಗಳು, ಪಕ್ಕಪಕ್ಕ ಇದ್ದರೆ ಎರಡೂ ಬೆಳಗುತ್ತವೆ. ಗಿಡ ಜಾಸ್ತಿ ಇರುವ, ಕಿಟಕಿಯಾಚೆ ಮರಗಳಿರುವ ಮನೆಗೆ ಕಡು ಹಸಿರು ಒಂದು ಕೈ ಮೇಲೇ ಇರಬಹುದು. ಗ್ರಾಫೈಟ್ ಬೂದು ಯಾವುದಕ್ಕೂ ಅಡ್ಡ ಬರುವುದಿಲ್ಲ, ನೆನಪಿನಲ್ಲೂ ಉಳಿಯುವುದಿಲ್ಲ. ಕಪ್ಪಿಗೆ ಹಗಲು ರಾತ್ರಿ ಒಂದೇ ಮುಖ, ನೀಲಿಗೆ ಹೊತ್ತಿಗೊಂದು.

ತೀರ್ಮಾನಕ್ಕೆ ಮೊದಲು

ಗೋಡೆಯ ಮೇಲೆ ನೇರವಾಗಿ ಸ್ಯಾಂಪಲ್ ಹಚ್ಚಬೇಡಿ. ಈಗಿರುವ ಬಣ್ಣ ಸುತ್ತ ನಿಂತು ಕಣ್ಣಿಗೆ ಮೋಸ ಮಾಡುತ್ತದೆ, ಆ ತೇಪೆ ಮುಂದೆ ಹೊಸ ಕೋಟ್‌ನಡಿ ಉಬ್ಬಾಗಿಯೂ ಕಾಣಬಹುದು. ದೊಡ್ಡ ರಟ್ಟಿನ ಹಾಳೆಗೆ ಎರಡು ಕೋಟ್ ಹೊಡೆದು, ಸುತ್ತ ನಾಲ್ಕು ಬೆರಳು ಬಿಳಿ ಅಂಚು ಬಿಡಿ. ಕಿಟಕಿಯ ಎದುರು, ಪಕ್ಕ, ಕತ್ತಲ ಮೂಲೆ, ಹೀಗೆ ಜಾಗ ಬದಲಿಸಿ ನೋಡಿ. ಮುಖ್ಯವಾಗಿ, ನೀವು ಆ ಕೋಣೆಯಲ್ಲಿ ಇರುವ ಹೊತ್ತಿಗೇ ನೋಡಿ, ಅಲ್ಲಿ ಉರಿಯುವ ಬಲ್ಬನ್ನೇ ಹಾಕಿ ನೋಡಿ. ಮೂರು ಶೇಡ್‌ಗಿಂತ ಜಾಸ್ತಿ ಇಟ್ಟುಕೊಂಡರೆ ತಲೆ ಕೆಡುತ್ತದೆ.

ಸೋಫಾ, ಪರದೆ, ನೆಲ ಮೂರೂ ಈಗಾಗಲೇ ಇವೆ ಅಂದರೆ ರಟ್ಟನ್ನು ಅವುಗಳ ಪಕ್ಕದಲ್ಲೂ ಇಡಿ. ಪೇಂಟನ್ನು ಅವಕ್ಕೆ ಹೊಂದಿಸುವುದು ಸುಲಭ, ಅವನ್ನು ಪೇಂಟಿಗೆ ಹೊಂದಿಸುವುದು ದುಬಾರಿ.

ಕೆಲಸ ಮುಗಿದ ಮೇಲೆ ಸ್ವಲ್ಪ ಪೇಂಟನ್ನು ಗಾಳಿಯಾಡದ ಡಬ್ಬಿಯಲ್ಲಿ ಎತ್ತಿಡಿ. ಡಬ್ಬಿಯ ಮೇಲೆ ಅಂಟಿಸಿದ ಟಿಂಟ್ ಚೀಟಿಯ ಫೋಟೊ ತೆಗೆದಿಟ್ಟುಕೊಳ್ಳಿ. ಕಡು ನೀಲಿಯಲ್ಲಿ ಚಿಕ್ಕ ತೇಪೆ ಹಚ್ಚಿದರೂ ಗೊತ್ತಾಗುತ್ತದೆ. ಆದ್ದರಿಂದ ಗೀರು ಬಿದ್ದ ಕಡೆ ಬ್ರಷ್‌ನ ತುದಿಯಿಂದ ಗೀರಿಗಷ್ಟೇ ಮುಟ್ಟಿಸಿ. ಅದಕ್ಕೂ ಸರಿಹೋಗದಷ್ಟು ದೊಡ್ಡದಿದ್ದರೆ ಮೂಲೆಯಿಂದ ಮೂಲೆಯವರೆಗೆ ಆ ಗೋಡೆಯನ್ನೇ ಮತ್ತೊಮ್ಮೆ ಹೊಡೆಸಬೇಕಾಗುತ್ತದೆ.